ಗಡಿಯಲ್ಲೊಂದು ಉಕ್ತಲೇಖನ



ಪ್ರಾಥಮಿಕ ಶಾಲೆಯಲ್ಲಿ ನೀವೆಲ್ಲರೂ ಉಕ್ತಲೇಖನ ಬರೆದವರೇ. ಮೇಷ್ಟ್ರು ಬೆಂಚುಗಳ ನಡುವೆ ಓಡಾಡುತ್ತ ಒಂದೊಂದು ಪದವನ್ನು ಎರಡೆರಡು ಸಲ ಹೇಳುತ್ತಿದ್ದರು, ನೀವು ಬರೆದುಕೊಳ್ಳುತ್ತಿದ್ದಿರಿ. ಒತ್ತಕ್ಷರ ತಪ್ಪಿದರೆ ಆ ಪದವನ್ನು ಹತ್ತು ಸಲ ಬರೆಯಬೇಕು; ಶಿಕ್ಷೆ ಅಷ್ಟಕ್ಕೇ ಮುಗಿಯುತ್ತಿತ್ತು. ಇದೇ ಉಕ್ತಲೇಖನ ಒಂದು ಕಾಲಕ್ಕೆ ಇಡೀ ಒಂದು ಭೂಖಂಡದ ಬಾಗಿಲಿಗೆ ಹಾಕಿದ ಅಗುಳಿಯಾಗಿತ್ತು ಎಂದರೆ ನಂಬುತ್ತೀರಾ? ಅಧಿಕಾರಿ ಓದಿ ಹೇಳಿದ ಐವತ್ತು ಪದಗಳನ್ನು ಬರೆಯಲಾರದವನು ಆ ನೆಲದ ಮೇಲೆ ಕಾಲಿಡುವಂತಿರಲಿಲ್ಲ. ಇಟ್ಟು ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಸೆರೆವಾಸ, ಆ ಮೇಲೆ ಗಡೀಪಾರು.

ನಿಮ್ಮಲ್ಲಿ ಕೆಲವರಿಗಾದರೂ ಹೊರದೇಶಕ್ಕೆ ಹೋಗಿ ಓದಬೇಕು, ದುಡಿಯಬೇಕು ಎಂಬ ಆಸೆ ಇರಬಹುದು. ಹಾಗೆ ಹೊರಟ ನಿಮ್ಮ ಅಕ್ಕನೋ ಅಣ್ಣನೋ ವೀಸಾ ಅರ್ಜಿಯ ಜೊತೆಗೆ ಇಂಗ್ಲಿಷ್ ಪರೀಕ್ಷೆಯ ಅಂಕಪಟ್ಟಿಯನ್ನು ಲಗತ್ತಿಸಿದ್ದನ್ನು ನೀವು ನೋಡಿರಬಹುದು. ಇಂಗ್ಲಿಷ್ ಮಾಧ್ಯಮದಲ್ಲಿಯೇ ಹದಿನೈದು ವರ್ಷ ಓದಿದವರಿಗೆ ಮತ್ತೊಂದು ಇಂಗ್ಲಿಷ್ ಪರೀಕ್ಷೆ ಏಕೆ ಎಂದು ಮನೆಯಲ್ಲಿ ಅಜ್ಜಿ ಕೇಳಿಯೂ ಇರಬಹುದು. ಅಜ್ಜಿಯ ಪ್ರಶ್ನೆ ಸಣ್ಣದಲ್ಲ. ಭಾಷೆಗೂ ಗಡಿಗೂ ಗಂಟು ಬಿದ್ದದ್ದು ಹೇಗೆ ಎಂದು ಹುಡುಕುತ್ತ ಹೋದರೆ ನಾವು ಮೊದಲು ತಲುಪುವುದು ಯಾವ ವಿಶ್ವವಿದ್ಯಾಲಯಕ್ಕೂ ಅಲ್ಲ. ದಕ್ಷಿಣ ಆಫ್ರಿಕದ ಡರ್ಬನ್ ಬಂದರಿಗೆ.

ಡರ್ಬನ್ ಆಗ ನೇಟಾಲ್ ಎಂಬ ಬ್ರಿಟಿಷ್ ವಸಾಹತಿಗೆ ಸೇರಿತ್ತು. ಅಲ್ಲಿನ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾಗಿದ್ದರು. 1860ರ ನವೆಂಬರ್ 16ರಂದು 'ಟ್ರೂರೊ' ಎಂಬ ಹಡಗು ಮದರಾಸಿನಿಂದ ಕರಾರು ಕೂಲಿಗಳ ಮೊದಲ ತಂಡವನ್ನು ಅಲ್ಲಿಗೆ ತಂದು ಇಳಿಸಿತು. ಅವರ ಹಿಂದೆಯೇ ಸ್ವಂತ ಹಣದಲ್ಲಿ ಟಿಕೆಟು ಕೊಂಡು ವ್ಯಾಪಾರಿಗಳು ಹೋದರು. ಇವರಲ್ಲಿ ಗುಜರಾತಿನವರೇ ಹೆಚ್ಚು. ಕೂಲಿಗಳು ಬಂದಾಗ ಬಿಳಿಯರಿಗೆ ತೊಂದರೆಯಾಗಲಿಲ್ಲ. ಅಂಗಡಿಕಾರರು ಬಂದು ಪಕ್ಕದಲ್ಲೇ ಅಂಗಡಿ ತೆರೆದು ಎರಡು ಕಾಸು ಕಡಿಮೆಗೆ ಮಾರತೊಡಗಿದಾಗ ತೊಂದರೆಯಾಯಿತು. 1890ರ ದಶಕದ ನಡುವಿಗೆ ನೇಟಾಲಿನಲ್ಲಿ ಭಾರತೀಯರ ಸಂಖ್ಯೆಯೂ ಬಿಳಿಯರ ಸಂಖ್ಯೆಯೂ ಹೆಚ್ಚುಕಡಿಮೆ ಸಮಸಮವಾಗಿತ್ತು.

1896ರ ಡಿಸೆಂಬರಿನಲ್ಲಿ 'ಕೂರ್ಲೆಂಡ್' ಮತ್ತು 'ನಾದೇರಿ' ಎಂಬ ಎರಡು ಹಡಗುಗಳು ಡರ್ಬನ್ನಿನ ಮುಂದೆ ಲಂಗರು ಹಾಕಿದವು. ಒಂದರಲ್ಲಿ ಇಪ್ಪತ್ತೇಳು ವರ್ಷದ ಒಬ್ಬ ಬ್ಯಾರಿಸ್ಟರರು ಹೆಂಡತಿ ಮಕ್ಕಳೊಡನೆ ಇದ್ದರು. ಅವರು ಮೋಹನದಾಸ ಗಾಂಧಿ. ಮುಂಬಯಿಯಲ್ಲಿ ಪ್ಲೇಗು ಇದೆ ಎಂಬ ಕಾರಣ ಹೇಳಿ ಪ್ರಯಾಣಿಕರನ್ನು ಮೂರು ವಾರಕ್ಕೂ ಮೇಲ್ಪಟ್ಟು ಇಳಿಯಗೊಡಲಿಲ್ಲ. ದಡದಲ್ಲಿ ಬಿಳಿಯರ ಗುಂಪು ಸಭೆ ಸೇರಿ ಇವರನ್ನು ವಾಪಸು ಕಳಿಸಿ ಎಂದು ಕೂಗಿತು. 1897ರ ಜನವರಿ 13ರಂದು ಗಾಂಧೀಜಿ ಇಳಿದಾಗ ಅದೇ ಗುಂಪು ಅವರನ್ನು ಹೊಡೆಯಿತು. ಪೊಲೀಸ್ ಮುಖ್ಯಾಧಿಕಾರಿಯ ಹೆಂಡತಿ ಶ್ರೀಮತಿ ಅಲೆಗ್ಸಾಂಡರ್ ತಮ್ಮ ಕೊಡೆಯನ್ನು ಬಿಚ್ಚಿ ಅಡ್ಡ ಹಿಡಿದು ಅವರನ್ನು ಕಾಪಾಡಿದ ಸಂಗತಿಯನ್ನು ನೀವು ಪಾಠದಲ್ಲಿ ಓದಿರುತ್ತೀರಿ. ಪಾಠ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಮುಂದೆ ಆದದ್ದನ್ನೂ ತಿಳಿಯಬೇಕು: ಗುಂಪು ಕಲ್ಲಿನಿಂದ ಮಾಡಲಾಗದ್ದನ್ನು ಶಾಸನಸಭೆ ಅದೇ ವರ್ಷ ಕಾಗದದಿಂದ ಮಾಡಿತು.

ಅದೇ 1897ರ ನೇಟಾಲ್ ವಲಸೆ ನಿರ್ಬಂಧ ಕಾಯಿದೆ. ಅದರಲ್ಲಿ 'ಭಾರತೀಯ' ಎಂಬ ಮಾತೇ ಇಲ್ಲ. ಬರುವವನು ಒಂದು ಅರ್ಜಿಯನ್ನು ಸ್ವಹಸ್ತದಲ್ಲಿ ಬರೆದು ಸಹಿ ಹಾಕಬೇಕು, ಅಷ್ಟೆ. ತನ್ನ ಹೆಸರು, ಕಳೆದ ಹನ್ನೆರಡು ತಿಂಗಳು ವಾಸವಿದ್ದ ಊರು, ಕಸುಬು, ಹುಟ್ಟಿದ ಸ್ಥಳ, ಹುಟ್ಟಿದ ವರ್ಷ. ನಾಲ್ಕೈದು ಸಾಲು. ಒಂದೇ ಷರತ್ತು: ಅದು ಯೂರೋಪಿನ ಯಾವುದಾದರೊಂದು ಭಾಷೆಯ ಲಿಪಿಯಲ್ಲಿ ಇರಬೇಕು. ಗುಜರಾತಿಯಲ್ಲಿ ಮೂರು ತಲೆಮಾರಿನ ಲೆಕ್ಕವನ್ನು ಕಾಸು ತಪ್ಪದೆ ಬರೆದಿಟ್ಟ ವ್ಯಾಪಾರಿ ಈ ಕಾಯಿದೆಯ ಮುಂದೆ ನಿರಕ್ಷರಿಯೇ. ಕನ್ನಡ, ತಮಿಳು, ಅರಬ್ಬಿ ಬಲ್ಲವರ ಪಾಡೂ ಅಷ್ಟೇ. ಕರಾರಿನ ಮೇಲೆ ಬರುವ ತೋಟದ ಕೂಲಿಗಳಿಗೆ ಮಾತ್ರ ವಿನಾಯಿತಿ ಇತ್ತು. ಅಕ್ಷರ ಬಾರದ ಆಳು ಬರಬಹುದು, ಅಕ್ಷರ ಬಲ್ಲ ವ್ಯಾಪಾರಿ ಬರಕೂಡದು! ಪರೀಕ್ಷೆ ಅಕ್ಷರದ್ದಾಗಿದ್ದರೆ ಇಂಥ ವಿನಾಯಿತಿಗೆ ಅರ್ಥವೇ ಇರುತ್ತಿರಲಿಲ್ಲ.

ಹಾಗಾದರೆ ನೇರವಾಗಿ 'ಭಾರತೀಯರು ಬರಕೂಡದು' ಎಂದೇ ಬರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬರೆಯಲು ಲಂಡನ್ನಿಗೆ ಸಂಕೋಚ. 1858ರ ಘೋಷಣೆಯಲ್ಲಿ ವಿಕ್ಟೋರಿಯಾ ರಾಣಿ ಭಾರತದ ಪ್ರಜೆಗಳ ವಿಷಯದಲ್ಲಿ ತನಗೆ ಉಳಿದ ಪ್ರಜೆಗಳಿಗೆ ಇರುವಷ್ಟೇ ಕರ್ತವ್ಯವಿದೆ ಎಂದು ಮಾತು ಕೊಟ್ಟಿದ್ದಳು. ಗಾಂಧೀಜಿ ತಮ್ಮ ಮನವಿಗಳಲ್ಲಿ ಮತ್ತೆ ಮತ್ತೆ ಎತ್ತಿ ತೋರಿಸುತ್ತಿದ್ದುದು ಈ ಘೋಷಣೆಯನ್ನೇ. 1897ರಲ್ಲಿ ರಾಣಿಯ ಆಳ್ವಿಕೆಯ ಅರವತ್ತನೆಯ ವರ್ಷದ ಉತ್ಸವಕ್ಕೆ ವಸಾಹತುಗಳ ಪ್ರಧಾನಿಗಳೆಲ್ಲ ಲಂಡನ್ನಿನಲ್ಲಿ ಸೇರಿದ್ದರು. ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲಿನ್ ಅವರ ಮುಂದೆ ನೇಟಾಲಿನ ಮಾದರಿಯನ್ನು ಇಟ್ಟರು. ನಿಮ್ಮ ಉದ್ದೇಶ ನಮಗೆ ಅರ್ಥವಾಗುತ್ತದೆ, ಆದರೆ ಬಣ್ಣದ ಹೆಸರು ಹೇಳಿ ರಾಣಿಯ ಭಾರತೀಯ ಪ್ರಜೆಗಳ ಮನಸ್ಸನ್ನು ನೋಯಿಸಬೇಡಿ, ನೇಟಾಲು ಮಾಡಿದ ಹಾಗೆ ಮಾಡಿ ಎಂಬುದು ಅವರ ಮಾತಿನ ತಾತ್ಪರ್ಯ. ನೋವು ಕೊಡಬಹುದು, ನೋಯುವ ಮಾತನ್ನು ಮಾತ್ರ ಆಡಕೂಡದು ಎಂಬ ಈ ಸೌಜನ್ಯವನ್ನು ಏನೆನ್ನೋಣ? ನ್ಯೂಜಿಲೆಂಡ್ 1899ರಲ್ಲಿಯೂ ಕೇಪ್ ವಸಾಹತು 1902ರಲ್ಲಿಯೂ ಈ ಮಾದರಿಯನ್ನು ಅನುಸರಿಸಿದವು.

ನೇಟಾಲಿಗೂ ಈ ಉಪಾಯ ತಾನಾಗಿ ಹೊಳೆದದ್ದಲ್ಲ. ಅಮೆರಿಕದ ಕಾಂಗ್ರೆಸ್ಸಿನಲ್ಲಿ ಆಗ ವಲಸಿಗರಿಗೆ ಅಕ್ಷರ ಪರೀಕ್ಷೆ ಇಡುವ ಮಸೂದೆಯೊಂದು ನಡೆದಿತ್ತು. ಅಧ್ಯಕ್ಷ ಕ್ಲೀವ್‌ಲೆಂಡ್ 1897ರಲ್ಲಿ ಅದನ್ನು ತಿರಸ್ಕರಿಸಿದರು. ಇಪ್ಪತ್ತು ವರ್ಷಗಳ ಮೇಲೆ, 1917ರಲ್ಲಿ, ಅಧ್ಯಕ್ಷ ವಿಲ್ಸನ್ನರ ವಿರೋಧವನ್ನೂ ಮೀರಿ ಅದು ಕಾಯಿದೆಯಾಯಿತು. ಹದಿನಾರು ವರ್ಷ ಮೀರಿದವರು ಮೂವತ್ತು ನಲವತ್ತು ಪದಗಳನ್ನು ಓದಿ ತೋರಿಸಬೇಕು. ಭಾಷೆ ಯಾವುದಾದರೂ ಸರಿ. ಆ ಮಟ್ಟಿಗೆ ಅಮೆರಿಕದ ಪರೀಕ್ಷೆ ನೇಟಾಲಿನದಕ್ಕಿಂತ ಉದಾರವಾದುದು. ಕನ್ನಡದಲ್ಲಿ ಓದುತ್ತೇನೆ ಎಂದರೂ ಆ ಕಲಮಿನ ಪ್ರಕಾರ ಅಡ್ಡಿಯಿಲ್ಲ. ಆದರೆ ಅದೇ ಕಾಯಿದೆಯ ಇನ್ನೊಂದು ಕಲಮು ಭಾರತವನ್ನು ಒಳಗೊಂಡ ಏಷ್ಯದ ದೊಡ್ಡ ಭಾಗವನ್ನು ನಿಷೇಧದ ವಲಯವೆಂದು ಗೆರೆ ಎಳೆದು ಬಿಟ್ಟಿತು!

ಇನ್ನು ಆಸ್ಟ್ರೇಲಿಯ. ಈ ಉಪಾಯವನ್ನು ಒಂದು ಕಲೆಯ ಮಟ್ಟಕ್ಕೆ ಏರಿಸಿದವರು ಅವರೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

1901ರ ಜನವರಿ 1ರಂದು ಆರು ವಸಾಹತುಗಳು ಕೂಡಿ ಆಸ್ಟ್ರೇಲಿಯ ಒಕ್ಕೂಟವಾಯಿತು. ಹೊಸ ಸಂಸತ್ತು ಮೊದಲ ವರ್ಷವೇ ಮಾಡಿದ ಕಾಯಿದೆಗಳಲ್ಲಿ ವಲಸೆ ನಿರ್ಬಂಧ ಕಾಯಿದೆ ಒಂದು. ಪ್ರಧಾನಿ ಎಡ್ಮಂಡ್ ಬಾರ್ಟನ್ನರ ಸರ್ಕಾರ ತಂದ ಕರಡಿನಲ್ಲಿ ಪರೀಕ್ಷೆ ಇಂಗ್ಲಿಷಿನಲ್ಲಿ ಎಂದಿತ್ತು. ಚರ್ಚೆಯಲ್ಲಿ ಎರಡು ತಕರಾರು ಎದ್ದವು. ಇಂಗ್ಲಿಷ್ ಎಂದರೆ ಜರ್ಮನ್ ರೈತನಿಗೆ, ಸ್ವೀಡನ್ನಿನ ಕೆಲಸಗಾರನಿಗೆ ಬಾರದು. ಅವರು ಹೊರಗೆ ಉಳಿಯುತ್ತಾರೆ. ಇಂಗ್ಲಿಷ್ ಕಲಿತ ಭಾರತೀಯನೋ ಜಪಾನೀಯನೋ ಸಲೀಸಾಗಿ ಒಳಗೆ ಬಂದುಬಿಡುತ್ತಾನೆ! ಹೀಗಾಗಿ 'ಇಂಗ್ಲಿಷ್' ಹೋಗಿ 'ಯೂರೋಪಿನ ಒಂದು ಭಾಷೆ' ಎಂದಾಯಿತು. ಯಾವ ಭಾಷೆ ಎಂಬುದನ್ನು ಬರುವವನು ಆರಿಸುವುದಲ್ಲ, ಅಧಿಕಾರಿ ಆರಿಸುವುದು. ಪ್ರಯಾಣಿಕನಿಗೆ ಬಾರದ ಭಾಷೆಯನ್ನೇ ಆರಿಸಬೇಕೆಂದು ಅಧಿಕಾರಿಗಳಿಗೆ ಸೂಚನೆಯೂ ಇತ್ತು. ಇಂಗ್ಲಿಷ್ ಬಲ್ಲವನಿಗೆ ಜರ್ಮನ್, ಜರ್ಮನ್ನೂ ಬಂದರೆ ಮತ್ತೊಂದು. ಯೂರೋಪಿನಲ್ಲಿ ಭಾಷೆಗಳಿಗೇನು ಬರವೇ?

ಫಲಿತಾಂಶವನ್ನು ನೋಡಿ. 1902 ಮತ್ತು 1903ರಲ್ಲಿ 805 ಸಲ ಈ ಉಕ್ತಲೇಖನ ನಡೆಯಿತು. ತೇರ್ಗಡೆಯಾದವರು 46 ಮಂದಿ. 1904ರಿಂದ 1909ರ ವರೆಗೆ 554 ಸಲ. ತೇರ್ಗಡೆಯಾದವರು ಆರೇ ಆರು ಮಂದಿ. 1909ರ ಅನಂತರ ಒಬ್ಬನೂ ಇಲ್ಲ. ಕಾಯಿದೆ ಮಾತ್ರ ಇನ್ನೂ ಸುಮಾರು ಐವತ್ತು ವರ್ಷ ಬದುಕಿತ್ತು. ಅರ್ಧ ಶತಮಾನ ಒಬ್ಬನೂ ತೇರ್ಗಡೆಯಾಗದ ಪರೀಕ್ಷೆಯನ್ನು ನಿಮ್ಮ ವಿಶ್ವವಿದ್ಯಾಲಯ ನಡೆಸಿದ್ದರೆ ನೀವು ಸುಮ್ಮನಿರುತ್ತಿದ್ದಿರಾ?

ಜಪಾನ್ ಸುಮ್ಮನಿರಲಿಲ್ಲ. ಸ್ವತಂತ್ರ ರಾಷ್ಟ್ರವಾದ ತನ್ನ ಭಾಷೆಯನ್ನು ಯೂರೋಪಿನ ಭಾಷೆಗಳಿಗಿಂತ ಕೀಳೆಂದು ಎಣಿಸಿದ್ದು ಅದಕ್ಕೆ ಸಹಿಸಲಿಲ್ಲ. ಅದರ ಪ್ರತಿಭಟನೆಯ ಫಲವಾಗಿ 1904ರಲ್ಲಿ ಜಪಾನಿನ ಮತ್ತು ಭಾರತದ ವ್ಯಾಪಾರಿಗಳು, ವಿದ್ಯಾರ್ಥಿಗಳು, ಪ್ರವಾಸಿಗಳು ತಮ್ಮ ಸರ್ಕಾರದ ಪಾಸ್‌ಪೋರ್ಟು ತೋರಿಸಿದರೆ ಹನ್ನೆರಡು ತಿಂಗಳ ಮಟ್ಟಿಗೆ ಉಕ್ತಲೇಖನವಿಲ್ಲದೆ ಬರಬಹುದೆಂದು ಏರ್ಪಾಡಾಯಿತು. ಮಾರನೆಯ ವರ್ಷ 'ಯೂರೋಪಿನ ಭಾಷೆ' ಎಂಬಲ್ಲಿ 'ನಿಗದಿಪಡಿಸಿದ ಯಾವುದೇ ಭಾಷೆ' ಎಂದು ತಿದ್ದಿದರು. ಏಷ್ಯದ ಒಂದು ಭಾಷೆಯನ್ನೂ ನಿಗದಿಪಡಿಸಲಿಲ್ಲ, ಹಳೆಯ ಪದ್ಧತಿಯೇ ಮುಂದುವರಿಯಿತು.

ಬಾಗಿಲನ್ನು ಒಬ್ಬರ ವಿರುದ್ಧ ಹಾಕಲು ಕಲಿತವರು ಕ್ರಮೇಣ ಬೇರೆಯವರ ವಿರುದ್ಧವೂ ಹಾಕುತ್ತಾರೆ. ಪ್ರಾಗ್ ನಗರದ ಪತ್ರಕರ್ತ ಎಗಾನ್ ಎರ್ವಿನ್ ಕಿಶ್ ಅವರ ಕಥೆ ಇದಕ್ಕೆ ಸಾಕ್ಷಿ. ಹಿಟ್ಲರನ ವಿರೋಧಿ, ಕಮ್ಯುನಿಸ್ಟ್, ಬಿಳಿಯ, ಯೂರೋಪಿನವ. 1934ರಲ್ಲಿ ಮೆಲ್ಬರ್ನಿನ ಯುದ್ಧ ವಿರೋಧಿ ಸಮ್ಮೇಳನಕ್ಕೆ ಹೊರಟರು. ಆಸ್ಟ್ರೇಲಿಯ ಸರ್ಕಾರ ಅವರನ್ನು ಇಳಿಯಗೊಡಲಿಲ್ಲ. 'ಸ್ಟ್ರಾತೇರ್ಡ್' ಹಡಗು ಮೆಲ್ಬರ್ನಿನಲ್ಲಿ ನಿಂತಾಗ ಕಿಶ್ ಅದರ ಮೇಲಿನಿಂದ ಬಂದರಿನ ಕಟ್ಟೆಗೆ ಹಾರಿದರು; ಕಾಲು ಮುರಿಯಿತು. ಎತ್ತಿ ಮತ್ತೆ ಹಡಗಿಗೇ ಹಾಕಿದರು! ಸಿಡ್ನಿಯಲ್ಲಿ ನ್ಯಾಯಮೂರ್ತಿ ಎವಟ್ ಅವರನ್ನು ಬಿಡುಗಡೆ ಮಾಡುವಂತೆ ಆಜ್ಞೆ ಮಾಡಿದರು. ಆಗ ಸರ್ಕಾರಕ್ಕೆ ಉಕ್ತಲೇಖನದ ನೆನಪಾಯಿತು. ಆದರೆ ಕಿಶ್ ಯೂರೋಪಿನ ಹಲವು ಭಾಷೆಗಳನ್ನು ಬಲ್ಲವರು. ಯೋಚಿಸಿ ಯೋಚಿಸಿ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯನ್ನು ಆರಿಸಿದರು. ಓದಿ ಹೇಳಿದ ಪೊಲೀಸಿನವನಿಗೇ ಆ ಭಾಷೆ ಚೆನ್ನಾಗಿ ಬರುತ್ತಿರಲಿಲ್ಲ. ಕಿಶ್ ನಪಾಸಾದರು.

ಪ್ರಕರಣ ಹೈಕೋರ್ಟಿಗೆ ಹೋಯಿತು. ಸ್ಕಾಟ್ಲೆಂಡಿನ ಗೇಲಿಕ್ ಈ ಕಾಯಿದೆಯ ಅರ್ಥದಲ್ಲಿ 'ಯೂರೋಪಿನ ಭಾಷೆ' ಅಲ್ಲವೆಂದು 1934ರ ಡಿಸೆಂಬರಿನಲ್ಲಿ ತೀರ್ಪು ಬಂತು. ಕಿಶ್ ಗೆದ್ದರು. ತಮ್ಮ ಪೂರ್ವಿಕರ ನುಡಿಯನ್ನು ನ್ಯಾಯಾಲಯವೇ ಭಾಷೆಯ ಲೆಕ್ಕದಿಂದ ತೆಗೆದುಹಾಕಿತೆಂದು ಸ್ಕಾಟ್ಲೆಂಡ್ ಮೂಲದವರು ಪತ್ರಿಕೆಗಳಿಗೆ ಸಿಟ್ಟಿನ ಕಾಗದಗಳನ್ನು ಬರೆದದ್ದು ಬೇರೆ ಮಾತು. ಎರಡು ವರ್ಷದ ಮೇಲೆ, 1936ರಲ್ಲಿ, ಭಾರತದಿಂದ ಹೋದ ಮೇಬಲ್ ಫ್ರೀರ್ ಎಂಬ ಬ್ರಿಟಿಷ್ ಮಹಿಳೆಗೆ ಇಟಾಲಿಯನ್ ಭಾಷೆಯಲ್ಲಿ ಉಕ್ತಲೇಖನ ಕೊಟ್ಟು ತಡೆದರು. ಆಕೆಯ ಮಾತೃಭಾಷೆ ಇಂಗ್ಲಿಷೇ. ಆಕೆಯ ಖಾಸಗಿ ಬದುಕು ಮಂತ್ರಿಗಳಿಗೆ ಸರಿಕಾಣಲಿಲ್ಲ, ಅಷ್ಟೆ. ಪತ್ರಿಕೆಗಳು ಗದ್ದಲ ಎಬ್ಬಿಸಿದ ಮೇಲೆ 1937ರಲ್ಲಿ ಬಿಟ್ಟುಕೊಂಡರು. ಉಕ್ತಲೇಖನವನ್ನು ರದ್ದು ಮಾಡಿದ್ದು 1958ರ ವಲಸೆ ಕಾಯಿದೆ.

ಈ ನಡುವೆ ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿ ಭಾಷಾ ಪರೀಕ್ಷೆಯ ಬಗೆಗೆ ತಳೆದ ನಿಲುವನ್ನು ನೀವು ವಿಶೇಷವಾಗಿ ಗಮನಿಸಬೇಕು. ಪರೀಕ್ಷೆಯೇ ಬೇಡವೆಂದು ಅವರು ಹಟ ಹಿಡಿಯಲಿಲ್ಲ. 1907ರ ಟ್ರಾನ್ಸ್‌ವಾಲ್ ಕಾಯಿದೆಯಲ್ಲಿಯೂ ಯೂರೋಪಿನ ಭಾಷೆಯ ಪರೀಕ್ಷೆ ಇತ್ತು. ಯಹೂದಿಗಳ ಯಿಡ್ಡಿಷ್ ಭಾಷೆಯನ್ನು ಯೂರೋಪಿನದೆಂದೇ ಎಣಿಸುವುದಾಗಿ ಅದರಲ್ಲಿ ಸೇರಿಸಿದ್ದರು. ಇಂಗ್ಲಿಷ್ ಬಲ್ಲ ಭಾರತೀಯ ಇದರಲ್ಲಿ ತೇರ್ಗಡೆಯಾಗಬಲ್ಲ. ಆದರೆ ಏಷ್ಯದವರ ನೋಂದಣಿಯ ಕಾಯಿದೆ ಇನ್ನೊಂದು ಕಡೆಯಿಂದ ಅವನನ್ನು ಹಿಡಿಯುತ್ತಿತ್ತು. ಇದನ್ನು ಬಯಲಿಗೆ ತರಲೆಂದೇ 1908ರ ಜೂನಿನಲ್ಲಿ ಸೊರಾಬ್ಜಿ ಶಾಪುರ್ಜಿ ಅಡಾಜಾನಿಯಾ ಎಂಬ ವಿದ್ಯಾವಂತ ಪಾರ್ಸಿ ತರುಣ ಮೊದಲೇ ತಿಳಿಸಿ ಗಡಿ ದಾಟಿದ. ಅವನ ಇಂಗ್ಲಿಷಿನ ಬಗೆಗೆ ಯಾರೂ ತಕರಾರು ಎತ್ತಲಿಲ್ಲ. ನೋಂದಣಿ ಇಲ್ಲವೆಂದು ಸೆರೆಗೆ ಹಾಕಿದರು. ಮುಂದೆ ಜನರಲ್ ಸ್ಮಟ್ಸ್‌ರೊಡನೆ ನಡೆದ ಮಾತುಕತೆಯಲ್ಲಿ ಗಾಂಧೀಜಿ ಕೇಳಿದ್ದು ವರ್ಷಕ್ಕೆ ಆರು ಮಂದಿ ವಿದ್ಯಾವಂತ ಭಾರತೀಯರಿಗೆ ಪ್ರವೇಶ. ಆರೇ ಮಂದಿ! ಇಷ್ಟು ಸಣ್ಣ ಸಂಖ್ಯೆಗೆ ಇಷ್ಟು ದೊಡ್ಡ ಹೋರಾಟವೇ ಎಂದು ಆಗಲೂ ಕೆಲವರು ನಕ್ಕಿರಬಹುದು. ಎಷ್ಟು ಜನರನ್ನು ಬಿಡುತ್ತೀರಿ ಎಂಬುದು ಅವರಿಗೆ ಎರಡನೆಯ ಮಾತು. ಕಾನೂನಿನ ಪುಸ್ತಕದಲ್ಲಿ ಜನಾಂಗದ ಹೆಸರಿನ ಅಡ್ಡಗೋಡೆ ಇರಬಾರದು, ಎಲ್ಲರಿಗೂ ಒಂದೇ ಪರೀಕ್ಷೆ ಇರಬೇಕು ಎಂಬುದು ಮೊದಲನೆಯದು.

ಈಗ ಅಜ್ಜಿಯ ಪ್ರಶ್ನೆಗೆ ಹಿಂದಿರುಗೋಣ. ಇಂದಿನ ಇಂಗ್ಲಿಷ್ ಪರೀಕ್ಷೆಗಳು ಆ ಉಕ್ತಲೇಖನದ ಮಕ್ಕಳಲ್ಲ. ಅವುಗಳ ಹುಟ್ಟು ಬೇರೆ ಕಡೆ, ವಿಶ್ವವಿದ್ಯಾಲಯಗಳಲ್ಲಿ. 1913ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಪರದೇಶದವರಿಗಾಗಿ ಇಂಗ್ಲಿಷ್ ಪ್ರಾವೀಣ್ಯ ಪರೀಕ್ಷೆಯೊಂದನ್ನು ಆರಂಭಿಸಿತು. ಹನ್ನೆರಡು ಗಂಟೆಗಳ ಪರೀಕ್ಷೆ, ಕುಳಿತವರು ಮೂವರು, ಮೂವರೂ ನಪಾಸು! 1964ರಲ್ಲಿ ಅಮೆರಿಕದ ಕಾಲೇಜುಗಳಿಗೆ ಸೇರುವ ವಿದೇಶಿ ವಿದ್ಯಾರ್ಥಿಗಳಿಗಾಗಿ 'ಟೋಫೆಲ್' ಬಂತು. 1980ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಮತ್ತೊಂದು ಪರೀಕ್ಷೆ 1989ರಲ್ಲಿ 'ಐಇಎಲ್‌ಟಿಎಸ್' ಎಂಬ ಹೆಸರು ಪಡೆಯಿತು. ಅದರ ಪಾಲುದಾರರು ಬ್ರಿಟಿಷ್ ಕೌನ್ಸಿಲ್, ಕೇಂಬ್ರಿಜ್, ಜೊತೆಗೆ ಆಸ್ಟ್ರೇಲಿಯದ ಐಡಿಪಿ ಎಂಬ ಸಂಸ್ಥೆ.

ಇವುಗಳನ್ನು ಹಳೆಯದರ ಜೊತೆಗೆ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಭಾಷೆ ಯಾವುದೆಂದು ಮೊದಲೇ ಗೊತ್ತು. ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ಭಾಗಗಳು ಗೊತ್ತು. ನಪಾಸಾದರೆ ಮತ್ತೆ ಕೂಡಬಹುದು. ಇಂಗ್ಲಿಷಿನಲ್ಲಿ ಪಾಠ ಕೇಳಬೇಕಾದವನಿಗೆ, ರೋಗಿಯ ನೋವನ್ನು ಇಂಗ್ಲಿಷಿನಲ್ಲಿ ತಿಳಿಯಬೇಕಾದ ನರ್ಸಿಗೆ ಆ ಭಾಷೆ ಬೇಕೇ ಬೇಕು. ಆದರೆ ಕಾಲೇಜಿಗೆ ಸೇರಲು ಮಾಡಿದ ಅಳತೆಗೋಲನ್ನು ಸರ್ಕಾರಗಳು ಗಡಿಗೆ ತಂದು ನಿಲ್ಲಿಸಿದಾಗ ಹಳೆಯ ಪ್ರಶ್ನೆಗಳು ಮತ್ತೆ ಏಳುತ್ತವೆ. ಬ್ರಿಟನ್ನಿನ ನಿಯಮದಲ್ಲಿ ಕೆಲವು ದೇಶಗಳ ಪ್ರಜೆಗಳಿಗೆ ಪರೀಕ್ಷೆಯಿಂದ ವಿನಾಯಿತಿ ಇದೆ. ಅಮೆರಿಕ, ಆಸ್ಟ್ರೇಲಿಯ, ಕೆನಡ, ಜಮೈಕ ಆ ಪಟ್ಟಿಯಲ್ಲಿವೆ, ಭಾರತ ಇಲ್ಲ. ಇಂಗ್ಲಿಷಿನಲ್ಲಿ ಓದಿ ಪಡೆದ ಪದವಿಯನ್ನು ಪರಿಶೀಲಿಸಿ ಒಪ್ಪುವ ದಾರಿಯೊಂದು ಇದೆ, ನಿಜ. ಐಇಎಲ್‌ಟಿಎಸ್ ಫಲಿತಾಂಶಕ್ಕೆ ಸಾಮಾನ್ಯವಾಗಿ ಎರಡೇ ವರ್ಷ ಆಯುಸ್ಸು. ಕಲಿತ ಭಾಷೆಯೂ ಉಪ್ಪಿಲ್ಲದ ಮಾವಿನಕಾಯಿಯ ಹಾಗೆ ಎರಡು ವರ್ಷಕ್ಕೆ ಕೆಡುತ್ತದೆಯೇ?

2010ರ ನವೆಂಬರಿನಿಂದ ಬ್ರಿಟನ್ ಗಂಡನನ್ನೋ ಹೆಂಡತಿಯನ್ನೋ ಸೇರಲು ಬರುವವರಿಗೂ ಇಂಗ್ಲಿಷ್ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಮಟ್ಟವೇನೋ ತೀರ ಮೊದಲನೆಯದು. ಆದರೆ ಪರೀಕ್ಷಾ ಕೇಂದ್ರವಿಲ್ಲದ ಹಳ್ಳಿಯಲ್ಲಿರುವವರು, ಶಾಲೆಯ ಮುಖವನ್ನೇ ನೋಡದವರು ಏನು ಮಾಡಬೇಕು? ಪ್ರಶ್ನೆ ನ್ಯಾಯಾಲಯಗಳನ್ನು ಏರಿತು. ನಿಯಮ ಕಾನೂನುಬದ್ಧವೇ, ಆದರೆ ಅದನ್ನು ಜಾರಿ ಮಾಡುವ ಸೂಚನೆಗಳಿಂದ ಕೆಲವರ ಕುಟುಂಬ ಜೀವನದ ಹಕ್ಕಿಗೆ ಧಕ್ಕೆಯಾಗಬಹುದು ಎಂದು 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು.

ಎಲ್ಲಕ್ಕಿಂತ ಕಳವಳದ ಪ್ರಕರಣ 2014ರದು. ಲಂಡನ್ನಿನ ಕೆಲವು ಕೇಂದ್ರಗಳಲ್ಲಿ 'ಟೋಯಿಕ್' ಎಂಬ ಪರೀಕ್ಷೆಯನ್ನು ಅಭ್ಯರ್ಥಿಗಳ ಬದಲು ಬೇರೆಯವರು ಬರೆಯುತ್ತಿದ್ದುದನ್ನು ಬಿಬಿಸಿಯ ಕಾರ್ಯಕ್ರಮವೊಂದು ಆ ವರ್ಷದ ಫೆಬ್ರವರಿಯಲ್ಲಿ ಗುಪ್ತ ಕ್ಯಾಮರಾದಲ್ಲಿ ಹಿಡಿದು ತೋರಿಸಿತು. ಮೋಸ ನಡೆದದ್ದು ನಿಜ, ಅದರಲ್ಲಿ ಅನುಮಾನವಿಲ್ಲ. ಪರೀಕ್ಷೆ ನಡೆಸಿದ ಅಮೆರಿಕದ ಸಂಸ್ಥೆ 2011ರಿಂದ 2014ರ ವರೆಗೆ ಬ್ರಿಟನ್ನಿನಲ್ಲಿ ನಡೆದಿದ್ದ ಸುಮಾರು 58,000 ಪರೀಕ್ಷೆಗಳ ಧ್ವನಿಮುದ್ರಣಗಳನ್ನು ಯಂತ್ರದಿಂದಲೂ ಕೇಳುಗರಿಂದಲೂ ಪರಿಶೀಲಿಸಿತು. ನೂರಕ್ಕೆ 58ನ್ನು ಅಸಿಂಧು ಎಂದಿತು, ಇನ್ನೂ 39ನ್ನು ಸಂಶಯಾಸ್ಪದ ಎಂದಿತು. ಅಂದರೆ ನೂರರಲ್ಲಿ 97! ಇದನ್ನೇ ಆಧಾರ ಮಾಡಿಕೊಂಡು ಸರ್ಕಾರ ಸಾವಿರಾರು ವಿದ್ಯಾರ್ಥಿಗಳ ವೀಸಾ ರದ್ದು ಮಾಡಿತು. ಅವರಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದವರು ಅನೇಕರು. ಕೆಲವರನ್ನು ಬಂಧಿಸಿದರು. ಓದು ಅರ್ಧಕ್ಕೆ ನಿಂತಿತು. ಊರಿನಲ್ಲಿ ಹೊಲ ಒತ್ತೆಯಿಟ್ಟು ಕಳಿಸಿದ ತಂದೆಗೆ ಮಗ ಮೋಸಗಾರನಲ್ಲ ಎಂದು ಹೇಗೆ ವಿವರಿಸುವುದು?

2019ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕ ಪರಿಶೋಧನಾ ಸಂಸ್ಥೆ ಈ ಪ್ರಕರಣವನ್ನು ತನಿಖೆ ಮಾಡಿತು. ಅಷ್ಟು ಹೊತ್ತಿಗೆ ಈ ಪರೀಕ್ಷೆ ಬರೆದಿದ್ದ 11,000 ಮಂದಿಯಾದರೂ ದೇಶ ಬಿಟ್ಟಿದ್ದರು. ನ್ಯಾಯಾಧಿಕರಣದ ಮೆಟ್ಟಿಲೇರಿದವರಲ್ಲಿ ಸುಮಾರು 3,600 ಮಂದಿ ಗೆದ್ದಿದ್ದರು. ತಪ್ಪಿಲ್ಲದವರು ಎಷ್ಟು ಮಂದಿ ಸಿಕ್ಕಿಬಿದ್ದರು ಎಂಬುದನ್ನು ಸರ್ಕಾರ ವಿಚಾರಿಸಿಯೇ ಇರಲಿಲ್ಲವೆಂಬುದು ಆ ವರದಿಯ ಮುಖ್ಯ ಆಕ್ಷೇಪ. ಸರ್ಕಾರದ ಸಾಕ್ಷ್ಯದಲ್ಲಿ ಅನೇಕ ಲೋಪಗಳಿವೆ ಎಂದು ಮೇಲ್ಮನವಿ ನ್ಯಾಯಾಧಿಕರಣ 2016ರಲ್ಲಿ ಹೇಳಿತ್ತು. 2022ರಲ್ಲಿ ಅದೇ ನ್ಯಾಯಾಧಿಕರಣ, ಬೇರೆ ಇಬ್ಬರ ಪ್ರಕರಣದಲ್ಲಿ, ಸರ್ಕಾರದ ಸಾಕ್ಷ್ಯ ಸಾಕಷ್ಟು ಬಲವಾಗಿಯೇ ಇದೆ ಎಂದು ತೀರ್ಮಾನಿಸಿತು. ಆ ಇಬ್ಬರೂ ಭಾರತದವರು. ಪರೀಕ್ಷೆಯ ಕೊಠಡಿಯಲ್ಲಿ ಮಾತನಾಡಿದವರು ತಾವೇ ಎಂದು ಹೇಳುತ್ತಲೇ ಬಂದ ಅನೇಕರು, ಆ ಮಾತನ್ನು ಇಂಗ್ಲಿಷಿನಲ್ಲಿಯೇ ಹೇಳುತ್ತ, ವರ್ಷಗಟ್ಟಲೆ ಕೋರ್ಟಿನಿಂದ ಕೋರ್ಟಿಗೆ ಅಲೆದರು.